ಗೆದ್ದದ್ದು ಎಲ್ಲರದ್ದು, ಜಗಳ ಮಾತ್ರ ಸ್ತ್ರೀವಾದದ್ದು

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರಿಸುವಾಗ ‘ನಾನು ಸ್ತ್ರೀವಾದಿ’ ಎಂದು ಬರೆದಿದ್ದೆ. ಅದೊಂದು ಮಾತಿಗೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಕೆಲವರು ಮೆಚ್ಚಿದ್ದಾರೆ, ಹಲವರು ಬೇಸರ ಮಾಡಿಕೊಂಡಿದ್ದಾರೆ. ‘ನಿಮ್ಮಿಂದ ಈ ಮಾತು ಬರುತ್ತದೆ ಅಂದುಕೊಂಡಿರಲಿಲ್ಲ’ ಎಂದವರೂ ಇದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ಗಂಡು ಹೆಣ್ಣು ಸಮಾನರು ಎಂದು ಪೂರ್ತಿ ನಂಬುತ್ತೇನೆ. ಆದರೆ ಸ್ತ್ರೀವಾದಿ ಎಂದು ಹೇಳಿಕೊಳ್ಳಲು ಮನಸ್ಸಾಗುವುದಿಲ್ಲ. ನನ್ನ ಗೆಳತಿಯರೂ ಹಾಗೆಯೇ. ಸಮಾನತೆ ಅಂದರೆ ಸಾಕಲ್ವಾ? ಬೇರೆ ಹೆಸರು ಯಾಕೆ?
– ಹೆಸರು ಬೇಡ ಎಂದ ವಿದ್ಯಾರ್ಥಿನಿ

ಹೇಳಿಕೊಳ್ಳಲೇಬೇಕು ಎಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಆದರೆ ‘ಸಮಾನತೆ ಅಂದರೆ ಸಾಕಲ್ವಾ’ ಎಂದು ಕೇಳಿದ್ದೀರಿ. ಸಾಲದು. ಯಾಕೆ ಸಾಲದು ಎನ್ನುವುದಕ್ಕೆ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ.

ಎಮಿಲಿ ಕೆಂಪಿನ್ ಸ್ಪೀರಿ ಎಂದು ಅವರ ಹೆಸರು. ಸ್ವಿಟ್ಜರ್ಲೆಂಡಿನವರು, ಮೂರು ಮಕ್ಕಳ ತಾಯಿ. ಕಾನೂನು ಓದಿ 1887ರಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಆದರೂ ಕೋರ್ಟಿನಲ್ಲಿ ನಿಂತು ವಾದ ಮಾಡಲು ಅವರಿಗೆ ಬಿಡಲಿಲ್ಲ. ವಾದ ಮಾಡಬೇಕಾದರೆ ಮತದಾನದ ಹಕ್ಕು ಇರಬೇಕು, ಹೆಂಗಸರಿಗೆ ಅದು ಇಲ್ಲ ಎಂದರು. ಎಮಿಲಿ ದೇಶದ ಅತಿ ದೊಡ್ಡ ಕೋರ್ಟಿಗೇ ಹೋದರು. ‘ಎಲ್ಲ ಸ್ವಿಸ್ ಜನರೂ ಕಾನೂನಿನ ಮುಂದೆ ಸಮಾನರು’ ಎಂದು ಸಂವಿಧಾನದಲ್ಲೇ ಬರೆದಿದೆ, ಆ ಜನರಲ್ಲಿ ನಾನೂ ಒಬ್ಬಳು ಎಂಬುದು ಅವರ ವಾದ. ಈ ವಾದ ಎಷ್ಟು ಹೊಸದೋ ಅಷ್ಟೇ ದಿಟ್ಟ ಎಂದಿತು ಕೋರ್ಟು. ಅಷ್ಟು ಹೇಳಿ ಅರ್ಜಿ ತಳ್ಳಿಹಾಕಿತು.

ನೋಡಿ, ಸಮಾನತೆ ಎಂಬ ಮಾತು ಅಲ್ಲಿ ಇತ್ತು. ಸಂವಿಧಾನದಲ್ಲೇ ಇತ್ತು. ಅದನ್ನು ಬರೆದವರಿಗೂ ಓದಿದವರಿಗೂ ‘ಎಲ್ಲರೂ’ ಎಂದಾಗ ಹೆಂಗಸರು ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಆ ದೇಶದ ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ನ್ಯೂಜಿಲೆಂಡಿನಲ್ಲಿ 1893ರಲ್ಲೇ ಸಿಕ್ಕಿತ್ತು! ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಒಂದು ಪ್ರಾಂತ್ಯ 1971ರ ನಂತರವೂ ಜಗ್ಗಲಿಲ್ಲ. ಅಲ್ಲಿನ ಗಂಡಸರು 1990ರಲ್ಲೂ ಬಯಲಲ್ಲಿ ಸಭೆ ಸೇರಿ, ಕೈ ಎತ್ತಿ, ಬೇಡ ಎಂದರು. ಹೆಂಗಸರು ಕೋರ್ಟಿಗೆ ಹೋದರು. ಪ್ರಾಂತ್ಯದ ಸಂವಿಧಾನದಲ್ಲಿ ‘ಜನರು’ ಎಂದಿರುವುದರಲ್ಲಿ ಹೆಂಗಸರೂ ಸೇರುತ್ತಾರೆ ಎಂದು ಅದೇ ವರ್ಷ ತೀರ್ಪು ಬಂತು. ಎಮಿಲಿ ಹೇಳಿದ್ದೂ ಇದೇ ಮಾತು. ಒಪ್ಪಿಕೊಳ್ಳಲು 103 ವರ್ಷ ಬೇಕಾಯಿತು.

‘ಎಲ್ಲರೂ ಸಮಾನರು’ ಎಂದವರ ಎದುರು ನಿಂತು ‘ಎಲ್ಲರೂ ಎಂದರೆ ಯಾರು ಯಾರು?’ ಎಂದು ಬಿಡದೆ ಕೇಳುವ ಕೆಲಸವೇ ಸ್ತ್ರೀವಾದ. ಆ ಕೆಲಸಕ್ಕೊಂದು ಹೆಸರು ಬೇಕು. ನನ್ನ ಮಟ್ಟಿಗೆ ಇಷ್ಟೇ.

ಇನ್ನು ಆ ಹೆಸರು ಕಂಡರೆ ಹಿಂಜರಿಕೆ ಯಾಕೆ? ನನಗೆ ಕಾಣುವ ದೊಡ್ಡ ಕಾರಣ ಹೇಳುತ್ತೇನೆ. ಒಂದು ಹಕ್ಕು ಸಿಕ್ಕಿದ ಸ್ವಲ್ಪ ದಿನಕ್ಕೇ ಅದು ಎಲ್ಲರಿಗೂ ಸಹಜವಾಗಿಬಿಡುತ್ತದೆ. ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆ ಇಲ್ಲದೆ ಕೆಲಸಕ್ಕೆ ಸೇರಲು, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಕಾನೂನು ಬಂದದ್ದು 1965ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಮನೆಗೆಲಸಕ್ಕೆ ತೊಂದರೆಯಾಗದಿದ್ದರೆ ಮಾತ್ರ ಹೆಂಡತಿ ಕೆಲಸಕ್ಕೆ ಹೋಗಬಹುದು ಎಂಬ ನಿಯಮ 1977ರವರೆಗೂ ಇತ್ತು. ಹೆಂಡತಿಯ ಮೇಲೆ ಗಂಡನೇ ಅತ್ಯಾಚಾರ ಮಾಡಿದರೂ ಅಪರಾಧ ಎಂದು ಇಂಗ್ಲೆಂಡಿನ ಅತ್ಯುನ್ನತ ಕೋರ್ಟು ಒಪ್ಪಿದ್ದು 1991ರಲ್ಲಿ. ಇವತ್ತು ಇವನ್ನೆಲ್ಲ ಯಾರೂ ಸ್ತ್ರೀವಾದ ಎಂದು ಕರೆಯುವುದಿಲ್ಲ. ‘ಇದು ನ್ಯಾಯ ತಾನೇ’ ಎನ್ನುತ್ತಾರೆ. ಗೆದ್ದದ್ದರ ಮೇಲಿಂದ ಹೆಸರು ಅಳಿಸಿಹೋಗುತ್ತದೆ. ಇನ್ನೂ ಮುಗಿಯದ ಜಗಳದ ಮೇಲೆ ಮಾತ್ರ ಉಳಿಯುತ್ತದೆ. ಹಾಗಾಗಿ ನಿಮ್ಮ ವಯಸ್ಸಿನವರಿಗೆ ಸ್ತ್ರೀವಾದ ಎಂದರೆ ಬರೀ ಜಗಳ ಎನ್ನಿಸುತ್ತದೆ.

ಜೊತೆಗೆ ಸುಳ್ಳು ಕಥೆಗಳೂ ಸೇರಿಕೊಂಡಿವೆ. ‘ಬ್ರಾ ಸುಟ್ಟ ಹೆಂಗಸರು’ ಎಂದು ನೀವೂ ಕೇಳಿರುತ್ತೀರಿ. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1968ರ ಸೆಪ್ಟೆಂಬರ್ 7ರಂದು ಸೌಂದರ್ಯ ಸ್ಪರ್ಧೆಯ ಹೊರಗೆ ಪ್ರತಿಭಟನೆ ನಡೆಯಿತು. ಹೆಂಗಸರು ಒಂದು ಕಸದ ಡಬ್ಬಿ ಇಟ್ಟು ಅದರೊಳಗೆ ಎತ್ತರದ ಹಿಮ್ಮಡಿಯ ಚಪ್ಪಲಿ, ನೆಲ ಒರೆಸುವ ಕೋಲು, ಪತ್ರಿಕೆಗಳು, ಬ್ರಾ ಎಲ್ಲ ಹಾಕಿದರು. ಬೆಂಕಿ ಹಚ್ಚಲಿಲ್ಲ. ಮರದ ಹಲಗೆಯ ದಾರಿ ಅದು, ಬೆಂಕಿ ಹಚ್ಚಲು ಅನುಮತಿಯೇ ಇರಲಿಲ್ಲ. ಆದರೆ ಪತ್ರಿಕೆಯ ವರದಿಯಲ್ಲಿ ಸುಡುವ ಮಾತು ಬಂತು, ಅದೇ ಉಳಿಯಿತು. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವುದು ಸರಿಯೇ ಎಂದು ಅವರು ಅವತ್ತು ಕೇಳಿದ ಪ್ರಶ್ನೆ ಎಷ್ಟು ಜನಕ್ಕೆ ನೆನಪಿದೆ?

ಪ್ರಶ್ನೆ: ಸ್ತ್ರೀವಾದ ಎಂದರೆ ಗಂಡಸರ ಮೇಲಿನ ದ್ವೇಷ ಎಂದೇ ನನಗೆ ಅನ್ನಿಸುವುದು. ನಾನೂ ಕಷ್ಟಪಟ್ಟು ದುಡಿಯುತ್ತೇನೆ. ಗಂಡಸಿನ ಕಷ್ಟ ಕೇಳುವವರು ಯಾರು?
– ಒಬ್ಬ ಓದುಗ

ನಿಮ್ಮ ಕಷ್ಟ ಸುಳ್ಳಲ್ಲ. ಗಂಡಸರನ್ನು ಒಟ್ಟಾಗಿ ಬಯ್ಯುವವರು ಇದ್ದಾರೆ, ಅದೂ ಸುಳ್ಳಲ್ಲ. ಅವರ ಪರ ನಾನು ಮಾತಾಡುವುದಿಲ್ಲ. ಆದರೆ ಒಂದು ಮೊಕದ್ದಮೆಯ ವಿಷಯ ನಿಮಗೆ ಗೊತ್ತಿರಬೇಕು.

ಅಮೆರಿಕದಲ್ಲಿ ಸ್ಟೀಫನ್ ವೀಸೆನ್‌ಫೆಲ್ಡ್ ಎಂಬುವರ ಹೆಂಡತಿ 1972ರಲ್ಲಿ ಹೆರಿಗೆಯಲ್ಲಿ ತೀರಿಕೊಂಡರು. ಮಗು ಉಳಿಯಿತು. ಹೆಂಡತಿ ಶಿಕ್ಷಕಿ. ಸಂಬಳದಿಂದ ಪ್ರತಿ ತಿಂಗಳೂ ಸಾಮಾಜಿಕ ಭದ್ರತೆಗೆ ಹಣ ಕಟ್ಟಿದ್ದರು. ಮಗುವನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಆ ತಂದೆ ನೆರವಿನ ಹಣಕ್ಕೆ ಅರ್ಜಿ ಹಾಕಿದರು. ಕೊಡುವುದಿಲ್ಲ ಎಂದರು. ಆ ನೆರವು ಇದ್ದದ್ದು ವಿಧವೆ ತಾಯಂದಿರಿಗೆ ಮಾತ್ರ. ದುಡಿಯುವವನು ಗಂಡಸು, ಮಗು ನೋಡುವವಳು ಹೆಂಗಸು ಎಂದೇ ಕಾನೂನು ಲೆಕ್ಕ ಹಾಕಿತ್ತು. ಹೆಂಡತಿಯ ದುಡಿಮೆಗೂ ಬೆಲೆ ಇಲ್ಲ, ಗಂಡನ ಪ್ರೀತಿಗೂ ಬೆಲೆ ಇಲ್ಲ.

ಅವರ ಪರ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಆ ಕಾಲದ ಹೆಸರಾಂತ ಸ್ತ್ರೀವಾದಿ ವಕೀಲೆ, ಮುಂದೆ 1993ರಲ್ಲಿ ಅದೇ ಕೋರ್ಟಿಗೆ ನ್ಯಾಯಮೂರ್ತಿಯಾದವರು. 1975ರಲ್ಲಿ ತೀರ್ಪು ಬಂದಾಗ ಎಂಟು ನ್ಯಾಯಮೂರ್ತಿಗಳೂ ಆ ತಂದೆಯ ಪರ ಇದ್ದರು.

ನಿಮ್ಮ ಹೆಗಲ ಮೇಲೆ ‘ಮನೆ ನಡೆಸುವುದು ನಿನ್ನೊಬ್ಬನ ಜವಾಬ್ದಾರಿ’ ಎಂದು ಹೊರಿಸಿದ್ದು ಯಾವ ಸ್ತ್ರೀವಾದಿಯೂ ಅಲ್ಲ. ಅತ್ತರೆ ಗಂಡಸಲ್ಲ ಎಂದದ್ದೂ ಅವರಲ್ಲ. ಹೆಂಗಸನ್ನು ಮನೆಯೊಳಗೆ ಕೂರಿಸಿದ ನಿಯಮವೇ ನಿಮ್ಮನ್ನು ಮಗುವಿನಿಂದ ದೂರ ಇಟ್ಟಿದೆ. ಸ್ವೀಡನ್ 1974ರಲ್ಲೇ ಹೆರಿಗೆ ರಜೆಯನ್ನು ಬದಲಿಸಿ, ತಂದೆ ತಾಯಿ ಇಬ್ಬರಿಗೂ ಸೇರಿದ ರಜೆ ಮಾಡಿತು. ತುಂಬಾ ವರ್ಷ ತಂದೆಯರು ಅದನ್ನು ಅಷ್ಟಾಗಿ ಬಳಸಲಿಲ್ಲ. ಆಫೀಸಿನಲ್ಲಿ ಕೇಳಲು ಗಂಡಸಿಗೆ ಎಷ್ಟು ಸಂಕೋಚ ಎಂದು ನಿಮಗೆ ಹೇಳಬೇಕಾಗಿಲ್ಲ. 1995ರಲ್ಲಿ ಒಂದು ತಿಂಗಳನ್ನು ತಂದೆ ತಾಯಿ ಒಬ್ಬೊಬ್ಬರಿಗೂ ಮೀಸಲಿಟ್ಟರು. ತಂದೆ ತೆಗೆದುಕೊಳ್ಳದಿದ್ದರೆ ಆ ತಿಂಗಳು ಹೋಯಿತು. ಆಮೇಲೆ ತಂದೆಯರು ರಜೆ ಹಾಕತೊಡಗಿದರು.

ಪ್ರಶ್ನೆ: ಮಗು ಹುಟ್ಟಿದ ಮೇಲೆ ನಾನೇ ಇಷ್ಟಪಟ್ಟು ಕೆಲಸ ಬಿಟ್ಟೆ. ಮನೆ ನೋಡಿಕೊಳ್ಳುವುದು ನನಗೆ ಖುಷಿ. ಸ್ತ್ರೀವಾದಿಗಳ ಕಣ್ಣಿಗೆ ನನ್ನಂಥವರು ಕೀಳಲ್ವಾ?
– ಒಬ್ಬ ಗೃಹಿಣಿ

ಖಂಡಿತ ಅಲ್ಲ ತಂಗಿ. ಮನೆಗೆಲಸವೂ ಕೆಲಸವೇ ಎಂದು ಜಗತ್ತಿಗೆ ಲೆಕ್ಕ ಹಾಕಿ ತೋರಿಸಿದವರೇ ಸ್ತ್ರೀವಾದಿಗಳು. ಸಂಬಳವಿಲ್ಲದೆ ಮನೆ, ಮಕ್ಕಳು, ಕಾಯಿಲೆಯವರನ್ನು ನೋಡಿಕೊಳ್ಳಲು ಹೋಗುವ ಗಂಟೆಗಳಲ್ಲಿ ಮುಕ್ಕಾಲು ಪಾಲು ಹೆಂಗಸರದೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ವರದಿ ಕೊಟ್ಟಿದೆ.

ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು ಶೇ 90ರಷ್ಟು ಹೆಂಗಸರು ಒಂದು ದಿನ ಕೆಲಸ ನಿಲ್ಲಿಸಿದರು. ಬರೀ ಆಫೀಸಿನವರಲ್ಲ, ಗೃಹಿಣಿಯರೂ. ಅಡುಗೆ ಇಲ್ಲ, ಪಾತ್ರೆ ಇಲ್ಲ, ಮಕ್ಕಳನ್ನು ನೋಡುವುದಿಲ್ಲ. ಶಾಲೆಗಳು ಮುಚ್ಚಿದವು, ಟೆಲಿಫೋನ್ ಸೇವೆ ಕುಂಟಿತು. ಅಪ್ಪಂದಿರು ಮಕ್ಕಳನ್ನು ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗಬೇಕಾಯಿತು. ಮರುವರ್ಷವೇ ಸಮಾನತೆಯ ಕಾನೂನು ಬಂತು. ಐದು ವರ್ಷದಲ್ಲಿ ವಿಗ್ದಿಸ್ ಫಿನ್‌ಬೊಗಡೊಟ್ಟಿರ್ ಅಲ್ಲಿನ ರಾಷ್ಟ್ರಪತಿಯಾದರು. ಜನರ ಮತದಿಂದ ರಾಷ್ಟ್ರಪತಿಯಾದ ಜಗತ್ತಿನ ಮೊದಲ ಮಹಿಳೆ ಅವರು. ಆ ದಿನವನ್ನು ಗೃಹಿಣಿಯರನ್ನು ಬಿಟ್ಟು ಊಹಿಸಲು ಆಗುತ್ತದಾ?

ನೀವು ಇಷ್ಟಪಟ್ಟು ಆರಿಸಿಕೊಂಡಿದ್ದೀರಿ, ಸಂತೋಷ. ಬಹಳ ವರ್ಷ ಬ್ಯಾಂಕಿನಲ್ಲಿ ದುಡಿದವಳಾಗಿ ಇಷ್ಟು ಕೇಳುತ್ತೇನೆ. ನಿಮ್ಮ ಹೆಸರಲ್ಲಿ ಉಳಿತಾಯ ಇದೆಯಾ? ಮನೆಯ ಕಾಗದಪತ್ರ, ವಿಮೆ, ಸಾಲ ಎಲ್ಲಿವೆ, ಎಷ್ಟಿವೆ ಎಂದು ಗೊತ್ತಾ? ನಾಳೆ ಮತ್ತೆ ಕೆಲಸಕ್ಕೆ ಹೋಗಬೇಕು ಅನ್ನಿಸಿದರೆ ಮನೆಯವರು ಮಗುವಿನ ಜವಾಬ್ದಾರಿ ಹಂಚಿಕೊಳ್ಳುತ್ತಾರಾ? ಹೌದು ಎಂದಾದರೆ ನೆಮ್ಮದಿಯಾಗಿರಿ. ಇಲ್ಲ ಎಂದಾದರೆ ಇವತ್ತೇ ಗಂಡನ ಜೊತೆ ಕೂತು ಮಾತಾಡಿ. ಅದು ಜಗಳವೇನಲ್ಲ.

ಪ್ರಶ್ನೆ: ಕಾನೂನೆಲ್ಲ ಹೆಂಗಸರ ಪರವೇ ಇದೆಯಲ್ಲ. ಓದು, ಓಟು, ಕೆಲಸ, ಆಸ್ತಿ ಎಲ್ಲ ಸಿಕ್ಕಿದ ಮೇಲೂ ಈ ಹೋರಾಟ ಸುಮ್ನೆ ಯಾಕೆ?
– ನಿವೃತ್ತ ಉದ್ಯೋಗಿ

ನಾನು ಕೌಂಟರಿನಲ್ಲಿದ್ದಾಗಿನ ಒಂದು ವಿಷಯ ಹೇಳುತ್ತೇನೆ. ಒಬ್ಬ ಹೆಂಗಸು ಯಾವಾಗಲೂ ಗಂಡನ ಜೊತೆ ಬರುತ್ತಿದ್ದರು. ಖಾತೆ ಆಕೆಯದೇ, ಸಂಬಳ ಬೀಳುತ್ತಿದ್ದುದೂ ಅದಕ್ಕೇ. ಪಾಸ್‌ಬುಕ್ ಗಂಡನ ಕೈಯಲ್ಲಿ, ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿ. ಆತ ಬೆರಳು ಇಟ್ಟ ಕಡೆ ಆಕೆ ಸಹಿ ಹಾಕುತ್ತಿದ್ದರು. ಒಂದು ದಿನ ಒಬ್ಬರೇ ಬಂದರು. ಕೌಂಟರಿನ ಗಾಜಿಗೆ ಮುಖ ಹತ್ತಿರ ತಂದು ಮೆತ್ತಗೆ ಕೇಳಿದರು: ‘ನನ್ನ ಖಾತೆಯಲ್ಲಿ ಎಷ್ಟಿದೆ ಎಂದು ನಾನು ಕೇಳಬಹುದಾ ಮೇಡಂ?’ ಕೇಳಬಹುದಮ್ಮಾ, ನಿಮ್ಮದೇ ದುಡ್ಡು ಎಂದೆ. ‘ಕೇಳಿದ್ದು ಅವರ ಫೋನಿಗೆ ಮೆಸೇಜ್ ಹೋಗುತ್ತದಾ?’ ಎಂದರು. ಹೋಗುವುದಿಲ್ಲ ಎಂದ ಮೇಲೂ ಇನ್ನೊಮ್ಮೆ ಕೇಳಿದರು. ಖಾತೆಗೆ ಜೋಡಿಸಿದ ನಂಬರ್ ಗಂಡನದು.

ಆಕೆಗೆ ಕಾನೂನಿನಲ್ಲಿ ಏನೂ ಕೊರತೆ ಇರಲಿಲ್ಲ. ನಾನು ಇನ್ನೂ ಬೇಕು ಎನ್ನುವುದು ಇಂಥವರಿಗಾಗಿ.

ಕಾನೂನೇ ಮುಟ್ಟದ ಜಾಗಗಳೂ ಇವೆ. ಔಷಧಿಯನ್ನೇ ತೆಗೆದುಕೊಳ್ಳಿ. ಗರ್ಭ ಧರಿಸಬಹುದಾದ ವಯಸ್ಸಿನ ಹೆಂಗಸರನ್ನು ಔಷಧಿಯ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಹೇಳಿತ್ತು. ಅದನ್ನು ಬದಲಿಸಿದ್ದು 1993ರಲ್ಲಿ. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಗೆ 1992ರಲ್ಲಿ ಅಲ್ಲಿ ಅನುಮತಿ ಸಿಕ್ಕಿತ್ತು. ಹೆಂಗಸರ ದೇಹದಿಂದ ಅದು ನಿಧಾನವಾಗಿ ಇಳಿಯುತ್ತದೆ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಇರಬಹುದು ಎಂದು ಹೆಂಗಸರ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಹೇಳಿದ್ದು 2013ರಲ್ಲಿ. ಅಲ್ಲಿಯವರೆಗೆ ಗಂಡಸಿಗೂ ಹೆಂಗಸಿಗೂ ಒಂದೇ ಪ್ರಮಾಣ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಗಂಡಸಿನ ದೇಹವೇ ಎಲ್ಲರ ದೇಹ ಎಂದುಕೊಂಡಿದ್ದರು.

ಮತ್ತೆ, ಸಿಕ್ಕಿದ್ದೆಲ್ಲ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ ಸರ್. ಅಫ್ಘಾನಿಸ್ತಾನದ ಹೆಣ್ಣುಮಕ್ಕಳು ಹೈಸ್ಕೂಲಿಗೆ, ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದರು. 2021ರಲ್ಲಿ ಹೈಸ್ಕೂಲಿನ ಬಾಗಿಲು ಮುಚ್ಚಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ್ದೂ ಮುಚ್ಚಿತು. ಎರಡೂ ಒಂದೊಂದು ಆದೇಶದಲ್ಲಿ.

ಪ್ರಶ್ನೆ: ಹೆಣ್ಣಿಗೆ ಹೆಣ್ಣೇ ಶತ್ರು ಅಲ್ಲವೇ?
– ಹಲವರು ಕೇಳಿದ್ದು

ಗಂಡಸರು ಗಂಡಸರ ಜೊತೆ ಆಸ್ತಿಗೆ, ಅಧಿಕಾರಕ್ಕೆ ದಿನಾ ಹೊಡೆದಾಡುತ್ತಾರೆ. ಗಂಡಿಗೆ ಗಂಡೇ ಶತ್ರು ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಪ್ರಶ್ನೆ: ನಾನು ಗಂಡಸು. ಸ್ತ್ರೀವಾದಿ ಎಂದು ಹೇಳಿಕೊಳ್ಳಬಹುದೇ? ನನ್ನಿಂದ ಏನಾದೀತು?
– ಯುವ ಓದುಗ

ಧಾರಾಳವಾಗಿ. ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ 1848ರಲ್ಲಿ ಹೆಂಗಸರ ಹಕ್ಕಿನ ಸಮಾವೇಶ ನಡೆದಾಗ, ಮತದಾನದ ಹಕ್ಕು ಕೇಳುವುದು ಅತಿಯಾಯಿತು ಎಂದು ಸೇರಿದವರಲ್ಲೇ ಕೆಲವರು ಹಿಂಜರಿದರು. ಆಗ ಎದ್ದು ನಿಂತು ಅದರ ಪರ ಮಾತಾಡಿದವರು ಫ್ರೆಡರಿಕ್ ಡಗ್ಲಾಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಗಂಡಸು. ನಿರ್ಣಯ ಪಾಸಾಯಿತು.

ನೀವು ಸಮಾವೇಶಕ್ಕೆ ಹೋಗಬೇಕಾಗಿಲ್ಲ. ಮೀಟಿಂಗಿನಲ್ಲಿ ಸಹೋದ್ಯೋಗಿ ಹೆಣ್ಣುಮಗಳ ಮಾತನ್ನು ಯಾರಾದರೂ ಅರ್ಧಕ್ಕೆ ತಡೆದರೆ ‘ಅವರು ಮುಗಿಸಲಿ’ ಎನ್ನಿ. ಅವರು ಹೇಳಿದ್ದನ್ನೇ ಇನ್ನೊಬ್ಬ ತನ್ನದೆಂದು ಹೇಳಿದರೆ ‘ಇದು ಆಗಲೇ ಅವರು ಹೇಳಿದ್ದಲ್ವಾ’ ಎನ್ನಿ. ನಿಮ್ಮ ಸಂಬಳ ಎಷ್ಟೆಂದು ಅದೇ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ತಿಳಿಸಿ, ಗೊತ್ತಿದ್ದರೆ ತಾನೇ ಅವರು ಕೇಳುವುದು? ಹುಡುಗರೇ ಇರುವ ಗುಂಪಿನಲ್ಲಿ ಯಾರಾದರೂ ಹೆಣ್ಣಿನ ಫೋಟೋ ಹಂಚಿ ಕೊಳಕು ಮಾತಾಡಿದರೆ ಅಲ್ಲೇ, ಎಲ್ಲರೆದುರೇ ಬೇಡ ಎನ್ನಿ. ಅಲ್ಲಿ ನನ್ನಂಥವಳ ಮಾತು ತಲುಪುವುದಿಲ್ಲ, ನಿಮ್ಮದು ತಲುಪುತ್ತದೆ.