ನಾನೇ ಬರೆದ ಆಪ್ ನಾನೇ ಟೆಸ್ಟ್ ಮಾಡಿದರೆ ಸಾಲದಾ?

ಸಾಲದು. ನೀವು ಎಷ್ಟೇ ಒಳ್ಳೆಯ ಡೆವಲಪರ್ ಆದರೂ ಸಾಲದು. ಮಡಿಕೇರಿಯ ಹೋಂಸ್ಟೇಗಳಿಗೆ ಬುಕಿಂಗ್ ಆಪ್ ಮಾಡಿದ್ದೀರಿ, "ಬರೆದವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ, ಟೆಸ್ಟರ್‌ಗೆ ಸುಮ್ನೆ ಯಾಕೆ ದುಡ್ಡು ಕೊಡಬೇಕು" ಎಂದು ಕೇಳಿದ್ದೀರಿ. ಗೊತ್ತಿರುವುದೇ ಇಲ್ಲಿ ತೊಡಕು.

ನಾನು ಟೆಸ್ಟರ್. ಗೋಣಿಕೊಪ್ಪದ ಮನೆಯಿಂದಲೇ ಕೆಲಸ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇದ್ದ ದಿನ. ಒಮ್ಮೆ ಕಾಫಿ ತೋಟದ ಲೆಕ್ಕ ಇಡುವ ಆಪ್ ನನ್ನ ಕೈಗೆ ಬಂತು. ಬೆಂಗಳೂರಿನ ಹುಡುಗರು ಬರೆದದ್ದು, ಅಚ್ಚುಕಟ್ಟಾದ ಕೆಲಸ. ಮಳೆ ತುಂಬಲು ಒಂದು ಬಾಕ್ಸ್ ಇತ್ತು, ಪಕ್ಕದಲ್ಲಿ ಇಂಚು ಎಂದು ಬರೆದಿತ್ತು. ಅವರು 1.5 ಹಾಕಿ ನೋಡಿದ್ದರು. 38.1 ಮಿಲಿಮೀಟರ್ ಎಂದು ಸರಿಯಾಗಿಯೇ ಬಂದಿತ್ತು. ಟೆಸ್ಟ್ ಪಾಸ್.

ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರ ಕೈಗೆ ಫೋನ್ ಕೊಟ್ಟೆ. ನಮ್ಮ ಕಡೆ ಮಳೆ ಹೇಳುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹಿಂದಿನ ರಾತ್ರಿ ಬಿದ್ದದ್ದು ಒಂದು ಇಂಚು ಐದು ಸೆಂಟು. ಅವರ ಪುಸ್ತಕದಲ್ಲಿ ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ. ಇಲ್ಲಿ ಇದ್ದದ್ದು ಒಂದೇ ಬಾಕ್ಸ್. ಅವರು ಒಂದು ಒತ್ತಿ, ಚುಕ್ಕಿ ಇಟ್ಟು, ಐದು ಒತ್ತಿದರು. ಆಪ್ ಅದನ್ನು ಒಂದೂವರೆ ಇಂಚು ಎಂದುಕೊಂಡಿತು. ಬಿದ್ದ ಮಳೆ 26.67 ಮಿಲಿಮೀಟರ್, ದಾಖಲಾದದ್ದು 38.1. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮಾರ್ಚ್‌ನಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕಾ, ಬೇಡವಾ ಎಂದು ತೋಟದವರು ಲೆಕ್ಕ ಹಾಕುವುದೇ ಈ ಅಂಕಿ ನೋಡಿ.

ಆ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಭಾಗಾಕಾರ ಸರಿ, ಗುಣಾಕಾರ ಸರಿ. ಚುಕ್ಕಿ ಎಂದರೆ ದಶಮಾಂಶ ಎಂದು ತಲೆಯಲ್ಲಿ ಕೂತವನು ಕೋಡನ್ನೂ ಹಾಗೇ ಬರೆಯುತ್ತಾನೆ, ಟೆಸ್ಟನ್ನೂ ಹಾಗೇ ಬರೆಯುತ್ತಾನೆ. ಎರಡೂ ಒಂದಕ್ಕೊಂದು ಹೌದಪ್ಪ ಅನ್ನುತ್ತವೆ. ಇದು ಸೋಮಾರಿತನ ಅಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಹಾಳಾದದ್ದೂ ಅಳತೆಯ ಗೊಂದಲದಿಂದಲೇ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಲೆಕ್ಕ ಎಂದುಕೊಂಡಿದ್ದರು. ವಿಮಾನದ ಸಾಫ್ಟ್‌ವೇರ್‌ಗೆ ಇರುವ ಡಿಒ-178ಸಿ ನಿಯಮಾವಳಿಯಲ್ಲಂತೂ, ಅಪಾಯ ಜಾಸ್ತಿ ಇರುವ ಭಾಗಗಳ ಹಲವು ಪರಿಶೀಲನೆಗಳನ್ನು ಬರೆದವರಲ್ಲದೆ ಬೇರೆಯವರೇ ಮಾಡಬೇಕು.

ಹಾಗಂತ ಎಲ್ಲವನ್ನೂ ಟೆಸ್ಟರ್ ತಲೆಗೆ ಕಟ್ಟಬೇಡಿ. ಕೋಡಿನ ಒಂದೊಂದು ಸಣ್ಣ ತುಂಡನ್ನೂ ಬೇರೆ ಬೇರೆಯಾಗಿ ನೋಡುವ ಯೂನಿಟ್ ಟೆಸ್ಟ್ ನಿಮ್ಮದೇ ಕೆಲಸ. ತೆರೆದ ಕೂಡಲೇ ಕ್ರ್ಯಾಶ್ ಆಗುವ ಆಪನ್ನು ಟೆಸ್ಟ್‌ಗೆ ಕಳಿಸುವ ಡೆವಲಪರ್ ಕಂಡರೆ ನನಗೆ ಮೈ ಉರಿಯುತ್ತದೆ. ಪಕ್ಕದ ಸೀಟಿನ ಗೆಳೆಯನಿಂದ ಟೆಸ್ಟ್ ಮಾಡಿಸಿದರೂ ಸ್ವಲ್ಪ ಉಪಯೋಗವೇ, ಆದರೆ ಅವನೂ ನಿಮ್ಮ ಮೀಟಿಂಗ್‌ನಲ್ಲೇ ಕೂತವನು ಅಲ್ವಾ?

ಟೆಸ್ಟರ್‌ಗೆ ಕೊಡಲು ದುಡ್ಡಿಲ್ಲವಾ? ಹೋಂಸ್ಟೇ ನಡೆಸುವ ಒಬ್ಬ ಆಂಟಿಯ ಕೈಗೆ ಫೋನ್ ಕೊಟ್ಟು, "ನಾಳಿದ್ದಿಗೆ ಒಂದು ರೂಮ್ ಬುಕ್ ಮಾಡಿ" ಎಂದಷ್ಟೇ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಇದೇ ಕಷ್ಟ. "ಅಲ್ಲಲ್ಲ ಆಂಟಿ, ಪಕ್ಕದ ಬಟನ್" ಎಂದಿರೋ, ಟೆಸ್ಟ್ ಅಲ್ಲಿಗೆ ಮುಗಿಯಿತು. ಬೆರಳು ಎಲ್ಲಿ ತಡೆಯಿತು, ಎಲ್ಲಿ ಎರಡು ಸಲ ಒತ್ತಿದರು, ಅಷ್ಟು ಬರೆದುಕೊಳ್ಳಿ. ಮಳೆಗಾಲದಲ್ಲಿ ಸಿಗ್ನಲ್ ಹೋಗಿ ಬರುವಾಗ ಒಮ್ಮೆ ಮಾಡಿಸಿ, ದಸರಾಕ್ಕೆ ಫೋನ್ ಮೇಲೆ ಫೋನ್ ಬರುವಾಗ ಇನ್ನೊಮ್ಮೆ. ಒಂದೇ ರೂಮ್ ಇಬ್ಬರಿಗೆ ಬುಕ್ ಆಗುವಂಥ ಬಗ್ ನಿಮ್ಮ ಮೇಜಿನ ಮೇಲಿನ ವೈಫೈನಲ್ಲಿ ಸಿಗುವುದು ಕಷ್ಟ.