ಹನ್ನೊಂದು ಸಲ ಹೇಳಿದ ಒಂದೇ ಪಾಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮಂಡ್ಯ ಕಡೆಯ 54 ವರ್ಷದ ಕಥೋಲಿಕ ರೈತರು. ಹಿಂದೆ ಆಲೆಮನೆ ನಡೆಸುತ್ತಿದ್ದಾಗ ಪಕ್ಕದ ಜಮೀನಿನವರ ಕಬ್ಬಿಗೆ ಟನ್ನಿಗೆ 40 ಕೆ.ಜಿ. ಕಡಿಮೆ ತೂಕ ಬರೆದಿದ್ದರು. ಆ ನೆರೆಯವರು ತೀರಿಕೊಂಡರು, ಇವರ ನಿದ್ದೆ ಹೋಯಿತು. ಒಂದೂವರೆ ವರ್ಷದಲ್ಲಿ ಹನ್ನೊಂದು ಸಲ ಇದೇ ಪಾಪನಿವೇದನೆ, ಅಂದರೆ ಚರ್ಚಿನ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಬೇಡುವುದು. ಊರಲ್ಲೂ ಆಯಿತು, ಮೈಸೂರಿನ ಸಂತ ಫಿಲೋಮಿನಾ ಚರ್ಚಲ್ಲೂ ಆಯಿತು. ಬಸ್ಸು ಹತ್ತುವಷ್ಟರಲ್ಲಿ ‘ಸರಿಯಾಗಿ ಹೇಳಲಿಲ್ಲವೇನೋ’ ಎಂಬ ಅಳುಕು. ಪೂಜೆಗೆ ಹೋದರೂ ಅಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದ ಸ್ವೀಕರಿಸುತ್ತಿರಲಿಲ್ಲ. ಕೊನೆಗೆ ನನ್ನ ಬಳಿ ಬಂದರು.

ಇಲ್ಲಿ ಎರಡು ಗಂಟು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಮನಸಾರೆ ಪಶ್ಚಾತ್ತಾಪಪಟ್ಟು ಹೇಳಿಕೊಂಡ ಪಾಪ ಮೊದಲ ಸಲವೇ ಕ್ಷಮೆಯಾಗಿದೆ. ಮನಸ್ಸು ಹಗುರಾಗದಿದ್ದರೆ ಕ್ಷಮೆ ಸಿಕ್ಕಿಲ್ಲ ಎಂದಲ್ಲ. ಆದರೆ ಕ್ಷಮೆ ಸಿಕ್ಕರೂ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಉಳಿಯುತ್ತದೆ. ಹನ್ನೊಂದು ಸಲ ಹೇಳಿದವರು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ.

ಹಳೇ ನೋಟುಬುಕ್ಕು ತರಿಸಿ ಒಟ್ಟಿಗೆ ಕೂತು ಕೂಡಿದೆವು. ಮೂರು ವರ್ಷಕ್ಕೆ 86 ಟನ್, ಅಂದರೆ 3.44 ಟನ್ ಮೋಸ. ಟನ್ನಿಗೆ 3,000ದಂತೆ 10,320 ರೂಪಾಯಿ. ‘ಜಕ್ಕಾಯ ನಾಲ್ಕರಷ್ಟು ಕೊಡ್ತೀನಿ ಅಂದ, ನಾನೂ ಹಂಗೇ ಕೊಡ್ತೀನಿ. ಹೆಂಡ್ತಿ ಒಡವೆ ಅಡ ಇಡ್ತೀನಿ’ ಅಂದರು. ಬೇಡ ಎಂದೆ. ಯೇಸು ತನ್ನ ಮನೆಗೆ ಬಂದ ಸಂತೋಷಕ್ಕೆ ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯ ಕೊಟ್ಟ ಮಾತದು, ಕ್ಷಮೆಗೆ ಕಟ್ಟಿದ ಬೆಲೆಯಲ್ಲ. ಹೆಂಡತಿಯ ಒಡವೆ ಅಡ ಇಟ್ಟರೆ ಇನ್ನೊಬ್ಬರಿಗೆ ಅನ್ಯಾಯ. ಮೋಶೆಯ ಧರ್ಮಶಾಸ್ತ್ರದಲ್ಲಿ ಅಸಲು, ಅದರ ಮೇಲೆ ಐದರಲ್ಲೊಂದು ಪಾಲು ಎಂದಿದೆ. ಆ ಲೆಕ್ಕಕ್ಕೆ 12,384 ಆಯಿತು. ಮೂರು ಕಂತು, ಮೃತರ ಹೆಂಡತಿಯ ಕೈಗೇ. ಹೆಸರು ಹೇಳದೆ ಗುರುಗಳ ಮೂಲಕ ಮುಟ್ಟಿಸುವ ದಾರಿಯೂ ಇದೆ. ಇವರು ತಾವೇ ಹೋಗುತ್ತೇನೆಂದರು.

ಆಡಬೇಕಾದ ಮಾತನ್ನು ಮೊದಲೇ ಬರೆಸಿದೆ: ‘ಅಕ್ಕಾ, ನಿಮ್ಮ ಯಜಮಾನ್ರ ಕಬ್ಬಿನ ತೂಕದಲ್ಲಿ ಮೋಸ ಮಾಡಿದ್ದೆ. ಇದು ನಿಮ್ಮ ದುಡ್ಡು.’ ಅಷ್ಟೇ. ಅಳಬಾರದು, ‘ಕ್ಷಮಿಸಿದೆ ಅನ್ನಿ’ ಎಂದು ದುಂಬಾಲು ಬೀಳಬಾರದು. ನೊಂದವರ ತಲೆಗೆ ನಮ್ಮ ಸಮಾಧಾನದ ಹೊರೆ ಹೊರಿಸುವುದು ಬಹಳ ಜನ ಮಾಡುವ ತಪ್ಪು.

ಆಕೆ ನೋಟು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, ‘ಹಾಲು ಕರೆಯೋ ಹೊತ್ತಾಯ್ತು’ ಎಂದು ಎದ್ದುಹೋದರಂತೆ. ‘ಅವರೇ ಕ್ಷಮಿಸಲಿಲ್ಲ, ದೇವರು ಕ್ಷಮಿಸ್ತಾನಾ?’ ಎಂದು ಮತ್ತೆ ಬಂದರು. ಆಕೆಯ ಮನಸ್ಸು ಆಕೆಯದು, ಅದಕ್ಕೆ ಸಮಯ ಬೇಕು. ದೇವರ ಕ್ಷಮೆ ಅದಕ್ಕಾಗಿ ಕಾಯುತ್ತಿಲ್ಲ ಎಂದೆ. ಯೇಸುವಿನ ಶಿಷ್ಯ ಪೇತ್ರನ ಕಥೆ ಓದಿಸಿದೆ: ಮೂರು ಸಲ ‘ಅವನನ್ನು ಅರಿಯೆ’ ಎಂದವನನ್ನು ಯೇಸು ಕೆಂಡದ ಪಕ್ಕ ಕೂರಿಸಿ ಊಟ ಕೊಟ್ಟರು, ಆಮೇಲಷ್ಟೇ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದರು. ಇವರು ‘ಊಟ ಮೊದಲಾ?’ ಎಂದು ಎರಡು ಸಲ ಕೇಳಿದರು.

ಇನ್ನು ಮುಂದೆ ಒಬ್ಬರೇ ಗುರು, ತಿಂಗಳಿಗೊಂದು ನಿವೇದನೆ, ಹಳೆಯ ಪಾಪ ಎತ್ತುವ ಹಾಗಿಲ್ಲ. ಅಳುಕು ಬಂದರೆ ಚರ್ಚಿಗೆ ಓಡದೆ ಹತ್ತು ನಿಮಿಷ ಅದನ್ನು ಹಾಗೇ ಬಿಡುವುದು; ಓಡಿದಷ್ಟೂ ಅದು ಬಲಿಯುತ್ತದೆ. ದಿನಕ್ಕೆ ಗಂಟೆಗಟ್ಟಲೆ ಇದೇ ಕಾಡಿದರೆ ಮನೋವೈದ್ಯರನ್ನು ನೋಡಲೇಬೇಕು, ಅದು ವಿಶ್ವಾಸದ ಕೊರತೆಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಕಂತು ಕೊಟ್ಟ ವಾರ ಪರಮಪ್ರಸಾದ ಸ್ವೀಕರಿಸಿದರು. ಶನಿವಾರ ಸಂಜೆ ಕಾಲು ಈಗಲೂ ಚರ್ಚಿನ ಕಡೆ ಎಳೆಯುತ್ತದಂತೆ. ಆಗ ಗದ್ದೆಗೆ ನೀರು ಕಟ್ಟಲು ಹೋಗುತ್ತಾರೆ.