ಯೂಲಿಯು ಬೊಡೊಲಾ ಎರಡು ದೇಶಗಳ ಪರ ಆಡಿದ್ದು ಹೇಗೆ?

ಫುಟ್‌ಬಾಲ್ ಆಟಗಾರ ಬೊಡೊಲಾ ರೊಮೇನಿಯಾ ಬಿಟ್ಟು ಹಂಗೇರಿಗೆ ಯಾಕೆ ಹೋದರು ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ಆಟಗಾರನಿಗಿಂತ ಜಾಸ್ತಿ ಜಾಗ ಬದಲಿಸಿದ್ದು ಗಡಿಯೇ.

ಬೊಡೊಲಾ 1912ರಲ್ಲಿ ಬ್ರಾಶೋವ್‌ನಲ್ಲಿ ಹುಟ್ಟಿದರು. ಆಗ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು, ಮೊದಲ ಮಹಾಯುದ್ಧದ ನಂತರ ರೊಮೇನಿಯಾಕ್ಕೆ ಸೇರಿತು. ರೊಮೇನಿಯಾದ ಒರಾಡಿಯಾ ಊರಿನ ಕ್ಲಬ್‌ನಲ್ಲಿ ಹೆಸರು ಮಾಡಿ, ಆಮೇಲೆ ಬುಕಾರೆಸ್ಟ್‌ನ ವೀನಸ್ ತಂಡಕ್ಕೆ ಹೋದರು. 1931ರಿಂದ 1939ರವರೆಗೆ ರೊಮೇನಿಯಾ ಪರ 48 ಪಂದ್ಯ, 30 ಗೋಲು! 1934 ಮತ್ತು 1938ರ ವಿಶ್ವಕಪ್ ತಂಡಗಳಲ್ಲೂ ಇದ್ದರು.

1940ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಜರ್ಮನಿ ಮತ್ತು ಇಟಲಿ ಕೂತು ರೊಮೇನಿಯಾದ ಉತ್ತರ ಟ್ರಾನ್ಸಿಲ್ವೇನಿಯಾ ಭಾಗವನ್ನು ಹಂಗೇರಿಗೆ ಕೊಟ್ಟವು, ಒರಾಡಿಯಾ ರಾತ್ರೋರಾತ್ರಿ ಹಂಗೇರಿಯ ಊರಾಯಿತು, ಅಲ್ಲಿನ ಕ್ಲಬ್ ಹಂಗೇರಿಯ ಲೀಗ್‌ಗೆ ಸೇರಿತು, ಬೊಡೊಲಾ ಅದೇ ಹಳೇ ಕ್ಲಬ್‌ಗೆ ವಾಪಸ್ ಬಂದರು. ಅದೇ ಊರು, ಆದರೆ ತಂಡದ ಪಟ್ಟಿಯಲ್ಲಿ ಯೂಲಿಯು ಹೋಗಿ ಹಂಗೇರಿಯನ್ ಹೆಸರು ಬಂತು. 1943-44ರಲ್ಲಿ ಆ ಕ್ಲಬ್ ಹಂಗೇರಿಯ ಚಾಂಪಿಯನ್ ಆಯಿತು. ಹಂಗೇರಿ ಪರವೂ ಅವರು 13 ಪಂದ್ಯ ಆಡಿ 4 ಗೋಲು ಹೊಡೆದರು.

ಇದನ್ನು ಪಕ್ಷಾಂತರ ಅಂತ ಕರೆಯೋದು ಸರಿಯಲ್ಲ ಅಂತ ನನಗನ್ನಿಸುತ್ತದೆ. ಹಂಗೇರಿಯನ್ ಮಾತಾಡುವ ಮನೆಯ ಹುಡುಗ, ರೊಮೇನಿಯಾಕ್ಕಾಗಿ ಎಂಟು ವರ್ಷ ಜೀವ ಕೊಟ್ಟು ಆಡಿದವರು. ರೊಮೇನಿಯಾ ಪರ ಅತಿ ಹೆಚ್ಚು ಗೋಲು ಎಂಬ ಆ 30 ಗೋಲುಗಳ ದಾಖಲೆ ಐವತ್ತಕ್ಕೂ ಹೆಚ್ಚು ವರ್ಷ ಉಳಿಯಿತು. ಕೊನೆಗೆ ಮುರಿದದ್ದು ರೊಮೇನಿಯಾದ ಇನ್ನೊಬ್ಬ ಆಟಗಾರ ಗಿಯೋರ್ಗೆ ಹಾಜಿ. ಅವರ 35 ಗೋಲು ಬಂದದ್ದು 124 ಪಂದ್ಯಗಳಲ್ಲಿ.